ಗಾಜಿನ ಬೀರುವಿನಲ್ಲಿ ಅವ್ವನ ಕೈ

ಜಡಿಗೇನಹಳ್ಳಿ,
ಸರ್ವಜಿತ್ ಸಂವತ್ಸರದ ಜ್ಯೇಷ್ಠ ಬಹುಳ,
9–6–1947

ಅಕ್ಕ ಮುನಿಗಂಗಮ್ಮನಿಗೆ ನಿನ್ನ ತಮ್ಮ ಆದಿನಾರಾಯಣಪ್ಪನ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಬರೆದು ಒಂದು ಸಲ ಹೊಡೆದುಹಾಕಿದೆ. ಮೈಯಲ್ಲಿ ಯಾರಿಗೂ ಕಾಯಿಲೆಯಿಲ್ಲ, ಎಮ್ಮೆ ಈದಿದೆ, ಒಂದು ಹದ ಮಳೆಯೂ ಬಿದ್ದಿದೆ. ಅಷ್ಟಕ್ಕೇ ಕ್ಷೇಮ ಎನ್ನುವುದಾದರೆ ಕ್ಷೇಮ. ನಿನ್ನ ಎರಡು ಕಾರ್ಡೂ ತಲುಪಿದವು. ಇಸ್ಕೂಲು ತೆರೆಯುವ ಗಡಿಬಿಡಿಯಲ್ಲಿ ತಡವಾಯಿತು ಎಂದು ನೆಪ ಹೇಳಬಹುದು, ಹೇಳುವುದಿಲ್ಲ. ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು, ಎದ್ದುಹೋಗುತ್ತಿದ್ದೆ. ತಡವಾದದ್ದಕ್ಕೆ ಮನ್ನಿಸು. ಮುಂದೆ ಬರೆಯುವುದಕ್ಕೆ ಮನ್ನಿಸು ಎಂದು ಕೇಳಲಾರೆ.

ಈ ಕಾಗದವನ್ನು ನೀನೇ ಓದು. ತ್ಯಾಮಗೊಂಡ್ಲಿನಲ್ಲಿ ಯಾರಿಗೂ ಕೊಟ್ಟು ಓದಿಸಬೇಡ. ಮರಳ ಮೇಲೆ ನಿನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವನು ನಾನು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರೆ ನಿನಗೆ ಬರುತ್ತದೆ.

ವೀಳ್ಯಶಾಸ್ತ್ರಕ್ಕೆ ಯಾವತ್ತು ಬರೋಣ ಎಂದು ಕೇಳಿದ್ದೀಯೆ. ನನ್ನ ಮಗಳು ರುಕ್ಮಿಣಿ ಹುಟ್ಟಿದಾಗ ತೊಟ್ಟಿಲು ತೂಗುತ್ತಾ, "ಇವ್ಳು ನನ್ ಸೊಸೆ, ಇನ್ಯಾರ್ಗೂ ಕೊಡಂಗಿಲ್ಲ" ಎಂದವಳು ನೀನು. ನಾನೂ ಹೂಂ ಎಂದಿದ್ದೆ. ಬೇಸಿಗೆ ರಜದಲ್ಲಿ ನಿನ್ನ ಮಗ ನಮ್ಮನ್ನು ತನ್ನ ಗಾಡಿಯಲ್ಲಿ ನೀಲಗಿರಿಗೆ ಕರೆದುಕೊಂಡು ಹೋದದ್ದೂ ಅದಕ್ಕೇ ಎಂದು ನಾವು ತಿಳಿದಿದ್ದೆವು. ಹುಡುಗ ಹುಡುಗಿ ನಾಲ್ಕು ದಿನ ಹಿರಿಯರ ಕಣ್ಣೆದುರಿಗೆ ಮಾತಾಡಿಕೊಳ್ಳಲಿ, ಕಾರ್ತೀಕದಲ್ಲಿ ಅಕ್ಕಿ ಕಾಳು ಹಾಕಿ ಮುಗಿಸೋಣ ಎಂದು. ನಿನ್ನ ಪ್ರಶ್ನೆಗೆ ಉತ್ತರ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಆದದ್ದನ್ನು ಕೇಳು.

ಆ ಗಾಡಿ ಊರಿಗೆ ಬಂದ ಬೆಳಿಗ್ಗೆ ನೀನು ಇಲ್ಲಿರಬೇಕಿತ್ತು. ಲಡಾಯಿ ಮುಗಿದ ಮೇಲೆ ಪಟಾಲಮ್ಮಿನವರು ಹರಾಜು ಹಾಕಿದ ಆಂಬುಲೆನ್ಸು. ಅದರೊಳಗೆ ನಿನ್ನ ಮಗ ಮಡಿಸುವ ಮಂಚ ಮಾಡಿಸಿದ್ದಾನೆ, ಸೀಮೆಎಣ್ಣೆ ಸ್ಟೌವಿಗೆ ಗೂಡು ಮಾಡಿಸಿದ್ದಾನೆ, ನೀರಿಗೆ ಪೀಪಾಯಿ, ಕಿಟಕಿಗಳಿಗೆ ಹೂವಿನ ಪರದೆ. ಊರವರು ಚಪ್ಪಲಿ ಹೊರಗೆ ಬಿಟ್ಟು ಹತ್ತಿ ನೋಡಿ ಇಳಿದರು. "ಮನೆಗಾಡಿ" ಎಂದು ಹೆಸರಿಟ್ಟವರೂ ಅವರೇ. ಅವ್ವ ಗಾಲಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಡಿಸಿ, ಒಳಗೆ ಹೋದವಳು ಮೊದಲು ಕೇಳಿದ್ದು, "ಒಲೆ ಯಾವ ದಿಕ್ಕಿಗೈತ್ಲಾ?" ಎಂದು.

"ಗಾಡಿ ತಿರುಗಿದ ಕಡೆಗೆ ಒಲೇನೂ ತಿರುಗ್ತದೆ ಅಜ್ಜಿ" ಎಂದ ನಿನ್ನ ಮಗ. ಎಲ್ಲರೂ ನಕ್ಕೆವು. ಆ ಹೊತ್ತಿನಲ್ಲಿ ಅವನು ನನಗೆ ಬಹಳ ಹಿಡಿಸಿದ್ದ, ಸುಳ್ಳು ಹೇಳಲಾರೆ. ಹಳೆಯ ಲಾರಿ ಕೊಂಡು ಮಾರುವ ವ್ಯಾಪಾರದಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿ ನಿಂತವನು, ಊರಿನ ಹೆಂಗಸರನ್ನೂ ನಗಿಸುತ್ತಿದ್ದಾನಲ್ಲ ಎಂದುಕೊಂಡೆ. ಹೆಸರು ಅಚ್ಚು ಹಾಕಿಸಿದ ಒಂದು ಗಟ್ಟಿ ಚೀಟಿಯನ್ನು ನನ್ನ ಕೈಗಿಟ್ಟ. "ಎಚ್. ರಾಯ್" ಎಂದಿತ್ತು. ನಾಮಕರಣದ ದಿನ ಹನುಮಂತರಾಯಪ್ಪ ಎಂದು ಅವನ ಕಿವಿಯಲ್ಲಿ ಕೂಗಿದವನು ನಾನು. ಅವ್ವನ ಕೈಗೆ ಉಳಿ ಹಿಡಿದ ಆಚಾರಿ ಕೂಡ ಇಷ್ಟೊಂದು ಕತ್ತರಿಸಿರಲಿಲ್ಲ.

ಆ ಕೈಯ ವಿಷಯ ನಿನಗೆ ಗೊತ್ತಿರುವುದೇ. ಆದರೆ ನಿನ್ನ ಮಗನಿಗೆ ನೀನು ಸರಿಯಾಗಿ ಹೇಳಿದ ಹಾಗೆ ಕಾಣಲಿಲ್ಲ, ಅದಕ್ಕೆ ಬರೆಯುತ್ತೇನೆ. ಬೇಕಾದರೆ ಇದೊಂದನ್ನು ಅವನಿಗೆ ಓದಿ ಹೇಳು. ನಮ್ಮ ಒಕ್ಕಲಿನಲ್ಲಿ ಚೊಚ್ಚಲು ಹೆಣ್ಣಿನ ಕಿವಿ ಚುಚ್ಚುವ ಮುಂಚೆ ತಾಯಿ ಬಂಡಿ ದೇವರಿಗೆ ಬಲಗೈಯ ಎರಡು ಬೆರಳು ಕೊಡಬೇಕಾಗಿತ್ತು. ಸರ್ಕಾರ ಅದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಮಿಕ್ಕವರೆಲ್ಲ ಬೆರಳಿಗೆ ಚಿನ್ನದ ತಂತಿ ಸುತ್ತಿ, ಆ ತಂತಿಯನ್ನೇ ದೇವರಿಗೆ ಹಾಕಿ ಮುಗಿಸುತ್ತಿದ್ದರು. ನಮ್ಮ ಅಪ್ಪನ ತಾಯಿ ಒಪ್ಪಲಿಲ್ಲ. "ತಂತಿ ತಗಂಡು ದ್ಯಾವ್ರು ಏನ್ ಮಾಡ್ತದೆ?" ಎಂದಳಂತೆ. ಕೆರೆಯಾಚೆ, ಅಮಲ್ದಾರರಿಗೆ ಸುದ್ದಿ ಹೋಗದ ಹಾಗೆ, ಹಲಗೆಯ ಮೇಲೆ ಕೈ ಇಡಿಸಿದರು. ಕಿರುಬೆರಳು, ಉಂಗುರದ ಬೆರಳು, ಎರಡೆರಡು ಗೆಣ್ಣು. ಆಮೇಲೆ ಕಾದ ಎಣ್ಣೆ. ಅವ್ವನಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಚೊಚ್ಚಲು ಹೆಣ್ಣು ನೀನು, ಕಿವಿ ನಿನ್ನದು.

ಅವತ್ತಿನಿಂದ ಹೊರಗಿನವರು ಯಾರೇ ಬರಲಿ, ಅವ್ವನ ಬಲಗೈ ಸೆರಗಿನೊಳಗೆ. ನನ್ನ ಇಸ್ಕೂಲಿಗೆ ಇನ್ಸ್‌ಪೆಕ್ಟರು ಬಂದರೂ ಅಷ್ಟೆ, ಪೊಲೀಸರೆಂದೇ ತಿಳಿದು ಒಳಗೆ ಹೋಗುತ್ತಿದ್ದಳು. ಆದರೆ ಮನೆಯೊಳಗೆ ಅದೇ ಕೈಯಲ್ಲಿ ಅವಳು ಕಟ್ಟಿದ ಮುದ್ದೆಯಲ್ಲಿ ಒಂದು ಗಂಟು ಕಂಡವರಿಲ್ಲ.

ಹೊರಟೆವು. ರುಕ್ಮಿಣಿಯ ತಾಯಿ ನರಸಮ್ಮ ಈಯುವ ಎಮ್ಮೆ ಬಿಟ್ಟು ಬರುವುದಿಲ್ಲ ಎಂದಳು. ಅವ್ವ, ನಾನು, ರುಕ್ಮಿಣಿ, ನಿನ್ನ ಮಗ, ಗಾಡಿ ಓಡಿಸಲು ಹೊಸಕೋಟೆಯ ಮಸ್ತಾನ್. ಈ ಮಸ್ತಾನ್ ಲಡಾಯಿಯಲ್ಲಿ ಇಂಥದೇ ಗಾಡಿ ಓಡಿಸಿದವನಂತೆ. ಮೈಸೂರು, ನಂಜನಗೂಡು, ಗುಂಡ್ಲುಪೇಟೆ ದಾಟಿ ಕಾಡು ಹೊಕ್ಕೆವು. ಘಾಟಿ ಹತ್ತುವಾಗ ಗಾಡಿಗೆ ಏದುಸಿರು. ತಿರುವು ತಿರುವಿಗೂ ನಿಲ್ಲಿಸಿ ನೀರು ಕುಡಿಸಬೇಕು. ಅವ್ವ ಕಿಟಕಿಯ ಪರದೆ ಸರಿಸಿಕೊಂಡು ಕಣ್ಣು ಮಿಟುಕಿಸದೆ ಕೂತಿದ್ದಳು. ಒಂದರ ಹಿಂದೊಂದು ಬೆಟ್ಟ ನೋಡಿ ಅವಳಿಗೆ ದೇವರ ಮೇಲೇ ಸಿಟ್ಟು ಬಂತು.

"ಇಷ್ಟೊಂದ್ ಬೆಟ್ಟಾನೂ ಇವ್ರಿಗೇ ಸುರ್ದು ನಮ್ಗೆ ನಂದಿ ಒಂದೇ ಎಸ್ದವ್ನಲ್ಲಾ ಸಿವಾ!"

ನಿನ್ನ ಮಗ ತಂದಿದ್ದ ಬ್ರೆಡ್ಡು ಅವಳಿಗೆ ಸೇರಲಿಲ್ಲ. ಒಂದು ತೊರೆಯ ಪಕ್ಕ ನಿಲ್ಲಿಸಿ, ಸ್ಟೌವಿನ ಮೇಲೆ ಎಸರಿಟ್ಟು, ಮಂಜು ಬಾಗಿಲೊಳಗೆ ನುಗ್ಗಿ ಬರುತ್ತಿದ್ದರೂ ಮುದ್ದೆ ಕಟ್ಟಿದಳು. ಮಸ್ತಾನ್ ತಟ್ಟೆ ಹಿಡಿದು, "ಅಮ್ಮಾ, ಮಿಲಿಟ್ರಿ ಗಾಡೀಲಿ ಇಂಥಾ ಊಟ ಯಾರೂ ತಿಂದಿಲ್ಲ, ಖುದಾ ಕಸಮ್" ಎಂದ. ಅವ್ವನ ಮುಖ ಅರಳಿತು. ನಾನು ರುಕ್ಮಿಣಿಯ ಮುಖ ನೋಡಿದೆ, ಅವಳೂ ಖುಷಿಯಾಗಿದ್ದಳು. ಆ ಒಂದು ಮಧ್ಯಾಹ್ನ ಚೆನ್ನಾಗಿತ್ತು ಅಕ್ಕ, ಅದನ್ನು ಇಲ್ಲ ಎನ್ನುವುದಿಲ್ಲ.

ಅಷ್ಟರಲ್ಲಿ ಬಿಳಿಯರ ಒಂದು ಕಾರು ಬಂದು ನಮ್ಮ ಹತ್ತಿರವೇ ನಿಂತಿತು. ನಿನ್ನ ಮಗ ಅವಸರವಾಗಿ, "ಅಜ್ಜಿ, ಒಳಗೆ ಹೋಗು, ಚಳಿ ಹಿಡಿದುಬಿಡ್ತದೆ. ಮಾವ, ನೀವೂ ಹೋಗಿ" ಎಂದು ನಮ್ಮನ್ನು ಹತ್ತಿಸಿ ಪರದೆ ಎಳೆದ. ತಾನು ಹೊರಗೆ ಮಡಿಸುವ ಕುರ್ಚಿ ಹಾಕಿಕೊಂಡು, ಟೋಪಿ ಇಟ್ಟು, ಟೀ ಕುಡಿಯುತ್ತಾ ಅವರೊಡನೆ ಇಂಗ್ಲಿಷು ಮಾತಾಡಿದ. ಅವ್ವ ಕತ್ತಲಲ್ಲಿ ಕೂತುಕೊಂಡು ನನ್ನ ಮೊಣಕೈ ತಿವಿದು, "ಎಂಥಾ ಅಕ್ಕರೆ ನೋಡ್ಲಾ ಮಗೀಗೆ" ಎಂದಳು.

ಮಾರನೆಯ ದಿನ ಟೀ ತೋಟಗಳ ನಡುವೆ ಒಂದು ಬಂಗಲೆಗೆ ಹೋದೆವು. ತೋಟದ ಯಜಮಾನ ಮುದುಕ ದೊರೆ. ದೇಶ ಬಿಟ್ಟು ಹೋಗುವ ತಯಾರಿಯಲ್ಲಿದ್ದಾನೆ, ತೋಟದ ಲಾರಿಗಳನ್ನು ಮಾರುತ್ತಾನೆ. ಬಂಗಲೆಯ ಮುಂದಿನ ಹಜಾರವನ್ನೆಲ್ಲ ಮ್ಯೂಸಿಯಂ ಮಾಡಿಟ್ಟಿದ್ದಾನೆ. "ಅಜ್ಜಿ, ನಿಂಗೆ ತಮಾಸೆ ಬಂಗ್ಲೆ ತೋರಿಸ್ತೀನಿ ಬಾ" ಎಂದು ನಿನ್ನ ಮಗ ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಗೋಡೆಯ ತುಂಬ ಹುಲಿ, ಕಾಟಿಗಳ ತಲೆ. ಗಾಜಿನ ಬೀರುಗಳಲ್ಲಿ ಬಿಲ್ಲು ಬಾಣ, ಕಲ್ಲಿನ ಕೊಡಲಿ, ಯಾವುದೋ ಕಾಡಿನ ಹೆಂಗಸರ ಕಡಗಗಳು, ಒಂದು ಮರದ ದೇವರು. ಅವ್ವ ಆ ದೇವರಿಗೆ ಕೈ ಮುಗಿದು, ಇದಕ್ಕೆ ದೀಪ ಯಾಕೆ ಹಚ್ಚಿಲ್ಲ ಎಂದು ಕೇಳಿದಳು.

ನಡುವಿನ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಬಟ್ಟಲು, ನೀರಿನ ಜಗ್ಗು, ಸುಣ್ಣದಂಥ ಬಿಳಿ ಪುಡಿ ಎಲ್ಲ ಸಿದ್ಧ ಮಾಡಿದ್ದರು. ನಾವು ಬರುವುದು ಮೊದಲೇ ಗೊತ್ತಿತ್ತು ಎಂದು ನನಗೆ ಹೊಳೆದದ್ದು ಆಗ. ದೊರೆ ಅವ್ವನ ಮುಖ ನೋಡಲಿಲ್ಲ. ಸೆರಗನ್ನೇ ನೋಡುತ್ತಿದ್ದ.

"ಅಜ್ಜಿ, ಕೈ ತೋರಿಸು" ಎಂದ ನಿನ್ನ ಮಗ.

ಅವ್ವ ಹಿಂದೆ ಸರಿದಳು. "ಇವ್ರು ಪೊಲೀಸ್ನೋರಾ ಅನುಮಾ?"

"ಅಲ್ಲಜ್ಜಿ. ದೊಡ್ಡ ಮನುಷ್ಯರು. ನಿನ್ನ ಕೈಯ ಅಚ್ಚು ತೆಗೆದು ಇಲ್ಲಿ ಇಡ್ತಾರಂತೆ. ಸೀಮೆಯವರೆಲ್ಲ ನೋಡ್ತಾರೆ. ನಿನಗೇ ಗೌರವ."

ನನಗೆ ಮೈ ಉರಿಯಿತು. "ಹನುಮಂತು, ಇದಕ್ಕಾ ನಮ್ಮನ್ನ ಇಷ್ಟು ದೂರ ಕರ್ಕೊಂಡು ಬಂದಿದ್ದು? ನಡಿಯವ್ವ, ಗಾಡಿಗೆ ಹೋಗೋಣ" ಎಂದೆ. ಅವನು ಪಿಸುಮಾತಿನಲ್ಲಿ, "ಮಾವ, ಕೈ ಮುಗೀತೀನಿ, ಲಾರಿಗಳ ಮಾತು ಆಗೋದ್ರಲ್ಲಿದೆ, ಕೆಡಿಸ್ಬೇಡಿ" ಎಂದ. ನಾನು ಇನ್ನೇನೋ ಹೇಳುವಷ್ಟರಲ್ಲಿ ಅವ್ವನೇ ನನ್ನ ಬಾಯಿ ಮುಚ್ಚಿಸಿದಳು.

"ಸುಮ್ಕಿರ್ಲಾ ನೀನು. ಮಗ ಕೇಳ್ತಾವ್ನೆ. ಅವ್ರವ್ವನ್ ಕಿವೀಗ್ ಕೊಟ್ಟಿದ್ದು ಇವ್ನಿಗ್ ಕೊಡ್ಬಾರ್ದಾ? ಆದ್ರೆ ಸುಮ್ನೆ ಕೈ ಕೊಡಾಕಿಲ್ಲ. ಅವತ್ತೂ ಎಲೆ ಅಡಿಕೆ ಇಟ್ಟೇ ಕೊಟ್ಟಿದ್ದು. ಗಾಡೀಲಿ ನನ್ ಸಂಚಿ ಐತೆ, ತಗಂಡ್ ಬಾ."

ಅವಳ ಲೆಕ್ಕದಲ್ಲಿ ಇದೂ ಒಂದು ಹರಕೆ. ಹಲಗೆ ಇರುವಲ್ಲಿ ದೇವರೂ ಇರಬೇಕು ಎಂದುಕೊಂಡಿದ್ದಾಳೆ ಪಾಪ. ನಾನು ಸಂಚಿ ತರಲು ಹೊರಗೆ ಹೋದೆ. ತಿರುಗಿ ಬಂದಾಗ ರುಕ್ಮಿಣಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಅವ್ವ ಮೇಜಿನ ಮೇಲೆ ಎರಡೆಲೆ, ಒಂದಡಿಕೆ ಇಟ್ಟು, ಪೂರ್ವ ಯಾವುದೆಂದು ಕೇಳಿ ಆ ಕಡೆಗೆ ತಿರುಗಿ ನಮಸ್ಕಾರ ಮಾಡಿ, ಅಷ್ಟು ವರ್ಷ ಸೆರಗಿನಲ್ಲಿ ಬಚ್ಚಿಟ್ಟಿದ್ದ ಕೈಯನ್ನು ಪುಡಿ ಕಲಸಿದ್ದ ಬಟ್ಟಲೊಳಗೆ ಇಟ್ಟಳು. ಹಿಟ್ಟು ಗಟ್ಟಿಯಾಗುವವರೆಗೂ ಅಲುಗಲಿಲ್ಲ. ಗಟ್ಟಿಯಾಗುತ್ತಾ ಬಿಸಿಯೇರುತ್ತದಂತೆ, ಅವಳ ತುಟಿ ನಡುಗಿದ್ದನ್ನು ನಾನು ನೋಡಿದೆ. ಆಮೇಲೆ ಮಸ್ತಾನ್ ಸ್ಟೌವಿನಲ್ಲಿ ನೀರು ಕಾಯಿಸಿ ತಂದು, ಬೆರಳ ಸಂದಿಯಲ್ಲಿ ಅಂಟಿದ್ದನ್ನು ತೊಳೆದುಕೊಟ್ಟ. ಅವನಿಗೆ ಯಾರೂ ಹೇಳಿರಲಿಲ್ಲ.

ಆ ರಾತ್ರಿ ನಿನ್ನ ಮಗನಿಗೆ ಬಂಗಲೆಯಲ್ಲಿ ಊಟ, ಮಲಗುವ ಕೋಣೆ. ನಮಗೆ ಅಂಗಳದಲ್ಲಿ ಗಾಡಿ. ದೊರೆಗಳ ಮನೆಯ ಪದ್ಧತಿ ಹಾಗಂತೆ. ಬೆಳಿಗ್ಗೆ ಅಚ್ಚು ಒಡೆದು ಒಳಗೆ ಹುಯ್ದಿದ್ದ ಕೈಯನ್ನು ತೆಗೆದಾಗ ಅವ್ವ ನೋಡಿ, "ಅಯ್ ನಂದೇ ಕಣ್ರಲಾ!" ಎಂದು ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಕುಂಕುಮ ತೆಗೆದು ಆ ಬಿಳಿ ಕೈಗೆ ಇಟ್ಟಳು. ದೊರೆ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿ, ಬಿಲ್ಲು ಬಾಣದ ಬೀರುವಿನಲ್ಲಿ ಹುಲಿಯ ದವಡೆಯ ಪಕ್ಕ ಇಟ್ಟು ಬೀಗ ಹಾಕಿದ. ಘಾಟಿ ಇಳಿಯುವಾಗ ನಿನ್ನ ಮಗ ಶಿಳ್ಳೆ ಹೊಡೆಯುತ್ತಿದ್ದ. ಲಾರಿಗಳ ಮಾತು ಆಗಿತ್ತು.

ಈಗ ಅವ್ವ ಕೈ ಬಚ್ಚಿಡುವುದಿಲ್ಲ. ಜಗುಲಿಯ ಮೇಲೆ ಕೂತು ಬಂದವರಿಗೆಲ್ಲ ತೋರಿಸುತ್ತಾಳೆ. "ನೀಲ್‌ಗಿರೀಲಿ ನನ್ ಕೈ ಮಡಗವ್ರೆ, ನನ್ ಮೊಮ್ಮಗ ಮಡಗ್ಸವ್ನೆ" ಎನ್ನುತ್ತಾಳೆ. ಪಕ್ಕದ ಮನೆಯ ಪಿಳ್ಳಮ್ಮನಿಗೆ ಹೇಳಿ ಹೇಳಿ ಅವಳ ಬಾಯಿಗೇ ಪಾಠವಾಗಿದೆ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ವೀಳ್ಯಕ್ಕೆ ಬರಬೇಡ ಅಕ್ಕ. ರುಕ್ಮಿಣಿಯನ್ನು ನಿನ್ನ ಮಗನಿಗೆ ಕೊಡುವುದಿಲ್ಲ. ಹೆತ್ತತಾಯಿಯ ತಾಯಿಯನ್ನು ಬೆಟ್ಟ ತೋರಿಸುತ್ತೇನೆ ಎಂದು ಕರೆದುಕೊಂಡು ಹೋಗಿ ಹುಲಿಯ ತಲೆಗಳ ಸಾಲಿನಲ್ಲಿ ಕೂರಿಸಿದವನಿಗೆ ನನ್ನ ಮಗಳ ಕೈ ಹಿಡಿಸಲಾರೆ. ಅಷ್ಟಕ್ಕೇ ಇಪ್ಪತ್ತು ವರ್ಷದ ಮಾತು ಮುರಿಯುವುದೇ ಎಂದು ನೀನು ಕೇಳುತ್ತೀಯೆ, ಗೊತ್ತು. ಲೋಕದ ಎದುರಿಗೆ ಜಾತಕ ಕೂಡಿಬರಲಿಲ್ಲ ಎಂದುಬಿಡೋಣ. ಅವ್ವನಿಗೂ ನಾನು ಅದನ್ನೇ ಹೇಳಿದ್ದೇನೆ. ನನ್ನ ಮೇಲೆ ನೀನು ಎಷ್ಟು ಬೇಕಾದರೂ ಕೂಗಾಡು. ತವರಿಗೆ ಬರುವುದನ್ನು ಮಾತ್ರ ಬಿಡಬೇಡ. ನರಸಮ್ಮ ನಿನಗೆಂದು ಹಪ್ಪಳ ಮಾಡಿಟ್ಟಿದ್ದಾಳೆ.

ಭಾವನವರಿಗೆ ನಮಸ್ಕಾರ. ನಿನ್ನ ಸೊಂಟದ ನೋವಿಗೆ ಎಣ್ಣೆ ತಿಕ್ಕಿಸಿಕೋ, ಉದಾಸೀನ ಮಾಡಬೇಡ. ಸೋದರಮಾವನಾದ ಮೇಲೆ ಅಳಿಯನಿಗೂ ಎರಡು ಮಾತು ಹರಸಿ ಬರೆಯಬೇಕು. ಅವನಿಗೆ ಆಯುಸ್ಸು ಆರೋಗ್ಯ ಚೆನ್ನಾಗಿರಲಿ. ಇದಕ್ಕಿಂತ ಹೆಚ್ಚು ನನ್ನ ಲೇಖನಿಯಿಂದ ಬರುತ್ತಿಲ್ಲ.

ಇಂತಿ ನಿನ್ನ ತಮ್ಮ,
ಆದಿನಾರಾಯಣಪ್ಪ

ಬರೆಯುವುದು ಬೇಡವೆಂದುಕೊಂಡು ಬಿಟ್ಟಿದ್ದನ್ನು ಈಗ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನಾನು ಹಟಮಾರಿ, ಕೊಟ್ಟ ಮಾತಿಗೆ ತಪ್ಪಿದವನು ಎಂದು ನೀನು ಸಾಯುವವರೆಗೂ ನಂಬುತ್ತೀಯೆ. ನಾನು ಸಂಚಿ ತರಲು ಹೋಗಿದ್ದಾಗ ದೊರೆ ಅವ್ವನನ್ನು ತೋರಿಸಿ, ಇವಳು ನಿಮಗೆ ಏನಾಗಬೇಕು ಎಂದು ನಿನ್ನ ಮಗನನ್ನು ಕೇಳಿದನಂತೆ. ಅವನು ನಕ್ಕು, ನಮ್ಮ ಮನೆಯ ಮುಸುರೆ ತಿಕ್ಕುವ ಹೆಂಗಸು, ಜೊತೆಗಿರುವವರು ಅವಳ ಮಗ, ಮೊಮ್ಮಗಳು, ಅವರ ಜನ ಹೀಗೆಲ್ಲ ಮಾಡಿಕೊಳ್ಳುತ್ತಾರೆ ಎಂದನಂತೆ. ಇಂಗ್ಲಿಷಿನಲ್ಲಿ. ರುಕ್ಮಿಣಿ ಹೊಸಕೋಟೆಯಲ್ಲಿ ಮಿಡ್ಲ್‌ಸ್ಕೂಲು ಮುಗಿಸಿದ್ದಾಳೆ; ಅಷ್ಟು ಇಂಗ್ಲಿಷು ಅವಳಿಗೆ ತಿಳಿಯುತ್ತದೆ. ಎಷ್ಟು ಓದಿದ್ದೀಯೆ ಎಂದು ಅವಳನ್ನು ಅವನು ಒಂದು ಸಲವೂ ಕೇಳಿರಲಿಲ್ಲ. ಊರಿಗೆ ಬಂದು ಎಷ್ಟೋ ದಿನದ ಮೇಲೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ಹೇಳಿದಳು. "ಅಪ್ಪಾ, ನಾನು ಅವರ ಮನೇಗೆ ಹೋದ್ರೆ ನನ್ನ ಯಾರು ಅಂತ ಹೇಳ್ತಾರೆ?" ಎಂದಳು.

ಆದರೆ ಘಾಟಿ ಇಳಿಯುವಾಗಲೇ ಅವ್ವ ಅವಳನ್ನು, "ದೊರೆ ಏನ್ ಕೇಳ್ದ? ನನ್ ಕಡೆ ಬೆಟ್ಟು ಮಾಡಿ ತೋರ್ಸಿದ್ನಲ್ಲ" ಎಂದು ಕೇಳಿದ್ದಳು. ಹುಡುಗಿ ಏನು ಮಾಡಬೇಕು ಹೇಳು? "ಇವರು ಯಾರು ಅಂತ ಕೇಳಿದ್ರು ಅಜ್ಜಿ. ಬಾವ, ನಮ್ಮಜ್ಜಿ ಅಂದ್ರು" ಎಂದುಬಿಟ್ಟಳು. ಅವ್ವ ಕುಣಿಯುತ್ತಿರುವುದು ಬೀರುವಿನಲ್ಲಿಟ್ಟ ಕೈಗಲ್ಲ ಅಕ್ಕ, ಆ ಮಾತಿಗೆ. ಜಾತಕ ಕೂಡಲಿಲ್ಲ ಎಂದ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. "ಅಷ್ಟು ದೊಡ್ಡೋರ್ ಮುಂದೆ ನಮ್ಮಜ್ಜಿ ಅಂದ ಮಗೀನ ಬ್ಯಾಡ ಅಂತೀಯಲ್ಲಾ, ನೀನ್ ನನ್ ಹೊಟ್ಟೇಲಿ ಹುಟ್ಟಿದೋನಲ್ಲ" ಎಂದಳು. ನಾನು ಬಡಿಸಿದರೆ ಉಣ್ಣುವುದಿಲ್ಲ, ನರಸಮ್ಮನೇ ಬಡಿಸಬೇಕು. ನೀನು ಬಂದಾಗ ನನ್ನ ಮೇಲೆ ದೂರು ಹೇಳುತ್ತಾಳೆ. ಹೂಂ ಎಂದು ಕೇಳಿಸಿಕೋ, ನೀನೂ ಅವಳ ಜೊತೆ ಸೇರಿ ನನ್ನನ್ನು ಬೈ. ಅವಳು ನನ್ನನ್ನು ಬೈದುಕೊಂಡೇ ಕಣ್ಣು ಮುಚ್ಚಲಿ.